ಜಾಕಿಯ ಜಾಗದಲ್ಲಿ

ಕಟ್ಟಡ ಕಟ್ಟುವ ಜನ ಕಂಬಗಳಿಗೆ ಹೆಸರಿಡುತ್ತಾರೆ. ನಕ್ಷೆಯಲ್ಲಿ ಕಂಬಕ್ಕೆ ಅಂಕಿ ಇರುತ್ತದೆ, ನಿಜ. ಆದರೆ ತಲೆಯ ಮೇಲೆ ಕಾಂಕ್ರೀಟಿನ ಬಾಂಡ್ಲಿ ಹೊತ್ತವಳಿಗೆ ಅಂಕಿ ಕೂಗಿ ಹೇಳಿದರೆ ಯಾವ ಕಡೆ ತಿರುಗಬೇಕೋ ತಿಳಿಯುವುದಿಲ್ಲ. ಅದಕ್ಕೇ ಹೆಸರು. ಈ ಕಟ್ಟಡದಲ್ಲಿ ಗೇಟಿನ ಕಡೆಯ ದಪ್ಪ ಕಂಬ ದೊಡ್ಡಪ್ಪ. ಮೆಟ್ಟಿಲ ಬಳಿ ಮುಖ ತಿರುಗಿಸಿಕೊಂಡಂತೆ ನಿಂತ ಎರಡು ಕಂಬಗಳು ಬೀಗರು. ಹಿಂದಿನ ಮೂಲೆಯದು ಕುಂಟ.

ಕುಂಟನಿಗೆ ಆ ಹೆಸರು ಹುಟ್ಟಿದ ದಿನವೇ ಬಂತು. ಅವನನ್ನು ಎರೆಯುವಾಗ ಮೊಣಕಾಲಿನ ತನಕ ತುಂಬಿದ್ದರು, ಅಷ್ಟರಲ್ಲಿ ಕಾಂಕ್ರೀಟು ಕಲೆಸುವ ಯಂತ್ರ ಕೆಟ್ಟು ನಿಂತಿತು. ಆಗಲೇ ಕಲೆಸಿ ಸುರಿದಿದ್ದ ಕಾಂಕ್ರೀಟು ಬಿಸಿಲಿನಲ್ಲಿ ಬಿದ್ದು ಗಟ್ಟಿಯಾಗುತ್ತ ಹೋಯಿತು. ಎಸೆಯುವುದು ಬೇಡ, ನೀರು ಹಾಕಿ ಸಡಿಲ ಮಾಡಿ ತುಂಬಿ ಎಂದು ಮಾಲೀಕ ಹೇಳಿದ. ತುಂಬಿದರು. ಹಲಗೆ ಬಿಚ್ಚಿದಾಗ ಕಂಬದ ಮೊಣಕಾಲಿನಲ್ಲಿ ಜಲ್ಲಿ ಹಲ್ಲು ಕಿರಿಯುತ್ತಿತ್ತು, ಒಳಗಿನ ಕಂಬಿ ಕಾಣುತ್ತಿತ್ತು. ಇಂಜಿನಿಯರ್ ಬಂದು ನೋಡಿದ. ಮಾಲೀಕನೂ ಬಂದು ನೋಡಿದ. ಮಧ್ಯಾಹ್ನದೊಳಗೆ ಅದಕ್ಕೆ ಸಿಮೆಂಟು ಮೆತ್ತಿಸಿ ನುಣ್ಣಗೆ ಮಾಡಿಸಿದರು. ಅದರ ಮೇಲೆ ನಾಲ್ಕು ಅಂತಸ್ತು ಏರಿತು.

ಕೆಲಸದವರ ಸಂಸಾರಗಳು ಇದ್ದದ್ದು ನೆಲಮಟ್ಟದಲ್ಲಿ, ಕಟ್ಟಡ ಮುಗಿದ ಮೇಲೆ ಕಾರು ನಿಲ್ಲಿಸುವ ಜಾಗದಲ್ಲಿ. ಗಾರೆ ಹಾಕದೆ ಬ್ಲಾಕುಗಳನ್ನು ಎದೆಯೆತ್ತರಕ್ಕೆ ಒಂದರ ಮೇಲೊಂದು ಜೋಡಿಸಿದರೆ ಒಂದು ಮನೆಯಾಯಿತು. ಮೇಲೆ ಹೇಗೂ ಸ್ಲ್ಯಾಬು ಇದೆ. ಯಾರೂ ಹೇಳಿಕೊಡದೆ ಎಲ್ಲರೂ ದೊಡ್ಡಪ್ಪನ ಸುತ್ತ ಮನೆ ಜೋಡಿಸಿಕೊಂಡಿದ್ದರು. ಕುಂಟನ ಕಡೆ ಒಡೆದ ಬಾಂಡ್ಲಿ, ಹರಿದ ಚೀಲ, ಸೌದೆ. ಮಕ್ಕಳು ಆ ಕಡೆ ಆಡಲು ಹೋದರೆ ಯಾವ ತಾಯಿ ಕಂಡರೂ ಬೆನ್ನಿಗೆ ಎರಡು ಬಿಡುತ್ತಿದ್ದಳು.

ಎರೆದ ಕಂಬಕ್ಕೂ ಸ್ಲ್ಯಾಬಿಗೂ ನೀರು ಹೊಡೆಯುವವಳು ನೀರಕ್ಕ. ಕೆಲಸವೇ ಅವಳಿಗೆ ಆ ಹೆಸರು ಕೊಟ್ಟಿತ್ತು. ಕಾಂಕ್ರೀಟು ಒಣಗಿ ಬಿರಿಯದಂತೆ ಹೊತ್ತು ಹೊತ್ತಿಗೆ ಪೈಪು ಹಿಡಿಯಬೇಕು, ಉಳಿದ ಹೊತ್ತು ಬೇರೆ ಹೆಂಗಸರ ಜೊತೆ ಹೊರಬೇಕು. ಸಿಮೆಂಟಿನ ನೀರು ಅವಳ ಬೆರಳಿನ ಸಂದುಗಳನ್ನು ತಿಂದುಹಾಕಿತ್ತು. ಅನ್ನ ಕಲೆಸಿದರೆ ಕೈ ಉರಿಯುತ್ತಿತ್ತು. ಗಂಡ ಎರಡು ಕಟ್ಟಡಗಳ ಹಿಂದೆ ಜ್ವರದಲ್ಲಿ ಹೋದ. ಈ ಜನ ಕಾಲವನ್ನು ಕಟ್ಟಡಗಳಲ್ಲೇ ಎಣಿಸುವುದು. ಅವಳಿಗೆ ಉಳಿದವಳು ಅತ್ತೆ. ಅತ್ತೆ ಕಳೆದ ಕಟ್ಟಡದಲ್ಲಿ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಎದ್ದು ನಡೆಯಲಾರಳು. ಓಡಾಡುತ್ತಿದ್ದದ್ದು ನಾಲಿಗೆ ಮಾತ್ರ, ಅದು ಇಡೀ ಕಟ್ಟಡ ಸುತ್ತಿ ಬರುತ್ತಿತ್ತು.

ಅಂದು ಬೆಳಗ್ಗೆ ಭಾವ ಬಂದ. ಅವನು ನೀರಕ್ಕನ ಗಂಡನ ಅಣ್ಣ, ಅತ್ತೆಯ ಹಿರಿಯ ಮಗ, ಇಲ್ಲಿಯ ಮೇಸ್ತ್ರಿ. ಈ ಜನರನ್ನೆಲ್ಲ ಊರಿನಿಂದ ಕರೆತಂದವನು ಅವನೇ. ಮಾಲೀಕನ ಕಾರು ಬಂದರೆ ಓಡಿಹೋಗಿ ಬಾಗಿಲು ತೆಗೆಯುವವನೂ ಅವನೇ.

"ಸಾಮಾನು ಎತ್ತಿ. ಎಲ್ಲಾ ಮನೆಯವ್ರೂ ಕುಂಟನ ಕಡೆ ಹೋಗಿ," ಅಂದ.

ನೀರಕ್ಕ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. "ಯಾಕೆ ಭಾವ? ದೊಡ್ಡಪ್ಪ ಏನು ಮಾಡಿದ?"

"ಇವತ್ತೊಂದಿನ. ಫ್ಲ್ಯಾಟ್ ತಗೊಂಡೋರು ಬರ್ತಿದಾರೆ. ಕುಂಟನ ಮೇಲಿನ ಬೀಮಲ್ಲಿ ಬಿರುಕು ನೋಡಿಬಿಟ್ಟಿದಾರಂತೆ. ಗಲಾಟೆ. ಅದಕ್ಕೆ ಇವತ್ತು ಅವರೆದುರಿಗೇ ಸ್ಲ್ಯಾಬ್ ಮೇಲೆ ಮರಳಿನ ಮೂಟೆ ಹೇರಿ ತೋರಿಸ್ತಾರೆ. ಭಾರ ತಡಿಯುತ್ತೆ ಅಂತ."

"ಮೂಟೆ ಮೇಲೆ ತಾನೆ ಹೇರೋದು. ನಾವ್ಯಾಕೆ ಕೆಳಗೆ?"

ಭಾವ ಬೇರೆ ಕಡೆ ನೋಡಿದ. "ಮಾಲೀಕರು ಹೇಳಿದಾರೆ. ಕೆಳಗೆ ಸಂಸಾರ ಇರ್ಲಿ, ಒಲೆ ಉರೀತಿರ್ಲಿ, ಮಕ್ಕಳು ಆಡ್ಕೊಂಡಿರ್ಲಿ ಅಂತ. ನೋಡಿದೋರಿಗೆ ಧೈರ್ಯ ಬರುತ್ತೆ."

ಹಾಸಿಗೆಯಿಂದ ಅತ್ತೆ ಕೂಗಿದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಧೈರ್ಯ ಅವರಿಗೆ ಬೇಕು, ಕೆಳಗೆ ನಾವು ಮಲಗ್ಬೇಕು! ಹೆತ್ತ ಮಗ ಬಂದು ಹೇಳ್ತಾನೆ, ಕೇಳ್ಕೋಬೇಕು."

"ಅಮ್ಮ, ಸುಮ್ನಿರು."

"ಬರಲ್ಲ ಅಂದ್ರೆ?" ನೀರಕ್ಕ ಕೇಳಿದಳು.

"ಬರಲ್ಲ ಅಂದ್ರೆ ಗೇಟು ಅಲ್ಲಿದೆ."

"ಗೇಟಿಗೆ ಬೀಗ ಇದೆ."

"ಅದೂ ಹೌದು," ಅಂದ ಭಾವ. ಒಂದು ಕ್ಷಣ ಅವನಿಗೇ ನಗು ಬಂದಂತಾಯಿತು, ಆಮೇಲೆ ಬರಲಿಲ್ಲ.

ಗೇಟಿಗೆ ಬೀಗ ಬಿದ್ದದ್ದು ಹಿಂದೊಮ್ಮೆ ಒಂದು ತಂಡ ಕೆಲಸದ ನಡುವೆ ಓಡಿಹೋದಾಗ. ಕಂಬಿ ಕಳುವಾಗುತ್ತದೆ, ಅದಕ್ಕೆ ಬೀಗ ಎಂದು ಮಾಲೀಕ ಹೇಳುತ್ತಿದ್ದ. ಅಂಗಡಿಗೆ ಹೋಗಬೇಕಾದರೂ ಕಾವಲುಗಾರ ಫೋನು ಮಾಡಿ ಕೇಳಬೇಕು. ಆಸ್ಪತ್ರೆಗೆ ಹೋಗಬೇಕಾದರೂ ಕೇಳಬೇಕು. ಊರಿನಲ್ಲಿ ಸತ್ತವರ ಮುಖ ನೋಡಲು ಕೂಡ ಕೇಳಿ, ಬೇಡ ಅನ್ನಿಸಿಕೊಂಡು, ಇಲ್ಲೇ ಕೂತು ಅತ್ತವರಿದ್ದರು. ಕಂಬಿಗೂ ಮನುಷ್ಯರಿಗೂ ಒಂದೇ ಬೀಗ.

ಸಾಮಾನು ಎತ್ತಿದರು. ಬೇರೇನು ಮಾಡುತ್ತಾರೆ? ಬ್ಲಾಕು ಬ್ಲಾಕು ಹೊತ್ತು ಕುಂಟನ ಸುತ್ತ ಮತ್ತೆ ಗೋಡೆ ಜೋಡಿಸಿದರು. ಭಾವ ಎಲ್ಲಿ ಯಾವ ಮನೆ ಎಂದು ತೋರಿಸುತ್ತ ಹೋದ. ತನ್ನ ತಾಯಿಯ ಹಾಸಿಗೆಯನ್ನು ಕಂಬಕ್ಕೆ ಒರಗಿಸಿ ಹಾಕಿಸಿದ, ಮೇಸ್ತ್ರಿಯ ತಾಯಿಯೇ ಅಲ್ಲಿದ್ದರೆ ಉಳಿದವರು ಬಾಯಿ ಬಿಡುವುದಿಲ್ಲ ಎಂಬ ಲೆಕ್ಕ. ಅತ್ತೆ ಕಂಬವನ್ನು ಮೇಲಿನಿಂದ ಕೆಳಗಿನ ತನಕ ನೋಡಿ, "ಕುಂಟನಿಗೆ ಕುಂಟಿ ಜೋಡಿ. ಚೆನ್ನಾಗಿ ಕೂಡಿಸಿದ್ರಿ," ಅಂದಳು. ಹೆಂಗಸರು ನಕ್ಕರು. ನೀರಕ್ಕನಿಗೆ ನಗು ಬರಲಿಲ್ಲ.

ಆಮೇಲೆ ಜಾಕಿಯ ವಿಷಯ ಬಂತು. ಬಿರುಕು ಕಂಡ ದಿನದಿಂದ ಆ ಬೀಮಿನ ಕೆಳಗೆ ಕಬ್ಬಿಣದ ಜಾಕಿಗಳನ್ನು, ತಿರುಪಿನಿಂದ ಏರಿಸಿ ಬಿಗಿಯುವ ಊರುಗಂಬಗಳನ್ನು, ಆಸರೆ ಕೊಟ್ಟು ನಿಲ್ಲಿಸಿದ್ದರು. ಇಂಜಿನಿಯರ್ ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗ. ಅಂಗಳದಲ್ಲಿ ಮಾಲೀಕನ ಹಿಂದೆ ಹಿಂದೆ ನಡೆಯುತ್ತ ಹೇಳಿದ: "ಸಾರ್, ಜಾಕಿ ಸ್ವಲ್ಪ ಇಳಿಸಿ ಹಾಗೇ ಬಿಡೋಣ. ಒಂದು ಬೆರಳು ಸಂದು ಇರ್ಲಿ. ಏನಾದ್ರೂ ಕುಸಿದ್ರೆ ಅದು ಹಿಡ್ಕೊಳ್ಳುತ್ತೆ. ಟೆಸ್ಟ್ ಮಾಡುವಾಗ ಹಾಗೇ ಇಡ್ಬೇಕು."

"ಜಾಕಿ ಕಂಡ್ರೆ ಅವರು ಏನಂತಾರೆ? ಕಟ್ಟಡ ಊರುಗೋಲು ಹಿಡ್ಕೊಂಡು ನಿಂತಿದೆ ಅಂತಾರೆ. ಎಲ್ಲಾ ತೆಗೆಸು."

"ಹಾಗಾದ್ರೆ ಕೆಳಗೆ ಜನ ಇರೋ ಹಾಗಿಲ್ಲ, ಸಾರ್."

"ಜನ ಇರ್ಲೇಬೇಕು. ಜಾಕಿ ಬೇಡ, ಜನ ಸಾಕು. ನಿನಗೆ ಇಲ್ಲಿ ಕೆಲಸ ಬೇಕೋ, ಬೇಡ್ವೋ?"

ಹುಡುಗ ಫೋನು ತೆಗೆದು ನೋಡತೊಡಗಿದ. ಫೋನಿನಲ್ಲಿ ಏನೂ ಇರಲಿಲ್ಲ.

ಜಾಕಿ ಬಿಚ್ಚಿ ಹೊರಗೆ ಸಿಮೆಂಟಿನ ಶೆಡ್ಡಿನ ಹಿಂದಕ್ಕೆ ಸಾಗಿಸುವ ಕೆಲಸವೂ ಅಲ್ಲಿ ಮಲಗಬೇಕಾದವರದ್ದೇ. ತಿರುಪು ಸಡಿಲಿಸಿದಾಗ ಒಂದೊಂದು ಜಾಕಿಯೂ ಕೀರಲು ದನಿ ಮಾಡಿ ಬೀಮಿನಿಂದ ಬಿಟ್ಟುಕೊಂಡಿತು. ನೀರಕ್ಕ ಹೆಗಲಿಗೆ ಒಂದು ಜಾಕಿ ಹಾಕಿಕೊಂಡು ಇಂಜಿನಿಯರನ ಮುಂದೆ ನಿಂತಳು.

"ಸಾರ್, ನೀವು ಓದಿದೋರು. ಬೀಳುತ್ತಾ, ಇಲ್ವಾ? ಅಷ್ಟು ಹೇಳಿ."

ಅವನು ಅತ್ತಿತ್ತ ನೋಡಿದ. "ನೋಡಿ ಅಕ್ಕ, ಯಾವ ಕಟ್ಟಡಾನೂ ಬೀಳೋದೇ ಇಲ್ಲ ಅಂತ ಯಾರೂ ಬರೆದುಕೊಡಲ್ಲ. ಸಿಮೆಂಟು ಒಂದೇ ಥರ ಇರಲ್ಲ, ಕಂಬಿ ಒಂದೇ ಥರ ಇರಲ್ಲ. ಮೇಲೆ ಎಷ್ಟು ಭಾರ ಬೀಳುತ್ತೆ ಅಂತಾನೂ ಖಚಿತ ಇಲ್ಲ. ಅದಕ್ಕೇ ಲೆಕ್ಕ ಹಾಕೋದು. ಲಕ್ಷ ಕಟ್ಟಡ ಕಟ್ಟಿದ್ರೆ ಒಂದೋ ಎರಡೋ ಹೋಗಬಹುದು. ಅಷ್ಟನ್ನ ಒಪ್ಕೊಂಡೇ ಕಟ್ತೀವಿ. ಪ್ರಪಂಚದಲ್ಲೆಲ್ಲ ಹಾಗೇನೇ."

"ಒಪ್ಕೊಳ್ಳೋರು ಯಾರು?"

"ಅಂದ್ರೆ?"

"ಆ ಒಂದೋ ಎರಡೋ ಬೀಳುವಾಗ ಕೆಳಗಿದ್ದೋರನ್ನ ಕೇಳಿ ಒಪ್ಕೊಂಡ್ರಾ?"

"ಏನೂ ಆಗಲ್ಲ ಬಿಡಿ ಅಕ್ಕ. ಸಾಮಾನ್ಯವಾಗಿ ಆಗಲ್ಲ," ಅಂದ. ಅವನ ಮುಖ ನೋಡಿದರೆ ಅವನಿಗೂ ರಾತ್ರಿ ನಿದ್ದೆ ಬಂದಂತಿರಲಿಲ್ಲ. ನಿದ್ದೆ ಬಾರದ್ದು ಅವನ ಮನೆಯ ಮಂಚದ ಮೇಲೆ. ನೀರಕ್ಕನಿಗೆ ಅವನ ಮೇಲೆ ಕನಿಕರ ಹುಟ್ಟಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಫ್ಲ್ಯಾಟು ಕೊಂಡವರು ಬಂದರು. ಅವರಿಗೆ ಅಂಗಳದ ತುದಿಯಲ್ಲಿ, ಗೇಟಿನ ಹತ್ತಿರ, ಶೀಟಿನ ನೆರಳಿನಲ್ಲಿ ಕುರ್ಚಿ ಹಾಕಿದ್ದರು. ಕುರ್ಚಿ ಎಲ್ಲಿ ಹಾಕಬೇಕೆಂದು ಮಾಲೀಕ ತಾನೇ ನಿಂತು ಹೇಳಿದ್ದ. ಕಟ್ಟಡದಿಂದ ಅಷ್ಟು ದೂರ ಯಾಕೆ ಎಂದು ಯಾರೂ ಕೇಳಲಿಲ್ಲ. ತಣ್ಣನೆಯ ಪಾನೀಯ ಹಂಚಿದರು.

ಮೂಟೆ ಹೊರುವುದು ಶುರುವಾಯಿತು. ಲಿಫ್ಟು ಇನ್ನೂ ಕೂತಿರಲಿಲ್ಲ. ಸಾಮಾನು ಎಳೆಯುವ ಯಂತ್ರ ಇತ್ತು, ಆದರೆ ಅದು ಅದುರಿಸುತ್ತದೆ, ಅದುರಿದರೆ ಅಳತೆ ಕೆಡುತ್ತದೆ ಎಂದು ಅದನ್ನು ನಿಲ್ಲಿಸಿದ್ದರು. ತಲೆಗಳು ಅದುರಿಸುವುದಿಲ್ಲ. ಗಂಡಸರು ಕೆಳಗೆ ಮರಳು ತುಂಬಿ ಹೊಲಿದು ಎತ್ತಿಕೊಟ್ಟರು, ಹೆಂಗಸರು ಸಿಂಬೆ ಸುತ್ತಿ ಹೊತ್ತರು. ಹಿಡಿದುಕೊಳ್ಳಲು ಕಟಕಟೆ ಇಲ್ಲದ ಮೆಟ್ಟಿಲು. ಒಂದು ಕೈ ಮೂಟೆಗೆ, ಒಂದು ಕೈ ಗೋಡೆಗೆ. ಮೇಲೆ ಸ್ಲ್ಯಾಬಿನ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ಎಲ್ಲಿಡಬೇಕೆಂದು ಗುರುತು ಹಾಕಿದ್ದರು. ನೀರಕ್ಕನಿಗೆ ಆ ಗೆರೆ ನೋಡಬೇಕಾಗಿರಲಿಲ್ಲ. ಸರಿಯಾಗಿ ಅದರ ಕೆಳಗೆ ಅತ್ತೆಯ ಹಾಸಿಗೆ.

ಮೊದಲು ಕೊರಳು ನೋಯಿತು. ಆಮೇಲೆ ಮೊಣಕಾಲು. ಆಮೇಲೆ ಯಾವುದು ನೋಯುತ್ತಿದೆ ಎಂದು ಗೊತ್ತಾಗುವುದು ನಿಂತಿತು. ಬೆವರು ಕಣ್ಣಿಗೆ ಇಳಿದು ಉರಿಯುತ್ತಿತ್ತು, ಒರೆಸಲು ಕೈ ಇಲ್ಲ. ಪ್ರತಿ ಸಲ ಇಳಿದು ಬರುವಾಗ ಅವಳು ಕುಂಟನ ಪಕ್ಕದಿಂದಲೇ ಹಾದು ಬರಬೇಕಿತ್ತು. ಪ್ರತಿ ಸಲ ಅತ್ತೆ ತಲೆಯೆತ್ತಿ ನೋಡುತ್ತಿದ್ದಳು. ಬಾಣಂತಿಯೊಬ್ಬಳು ಪಕ್ಕದಲ್ಲೇ ಮಗುವಿಗೆ ಹಾಲೂಡಿಸುತ್ತ ಕೂತಿದ್ದಳು. ನಡುವೆ ಎದ್ದುಹೋಗಲು ನೋಡಿದಾಗ ಭಾವ ಕೈಸನ್ನೆ ಮಾಡಿ ಕೂರಿಸಿದ. ಒಲೆಯ ಮೇಲೆ ಬರೀ ನೀರು ಕುದಿಯುತ್ತಿತ್ತು. ಹೊಗೆ ಕಾಣಲಿ ಎಂದು ಉರಿ ಹಾಕಿಸಿದ್ದರು.

ಎಷ್ಟೋ ಸಲ ಹತ್ತಿ ಇಳಿದ ಮೇಲೆ ಒಮ್ಮೆ ನೋಡುತ್ತಾಳೆ, ಅತ್ತೆಯ ತಲೆ ಬೆಳ್ಳಗಾಗಿದೆ. ಕೂದಲಿನ ಮೇಲೆ, ಭುಜದ ಮೇಲೆ ನುಣ್ಣನೆಯ ಪುಡಿ. ಕಂಬಕ್ಕೆ ಮೆತ್ತಿದ್ದ ಸಿಮೆಂಟು ಉದುರುತ್ತಿತ್ತು.

"ಏನೇ ಹಾಗೆ ನೋಡ್ತೀಯ? ಒಂದೇ ಹಗಲಲ್ಲಿ ಮುದುಕಿಯಾದೆ ಅಂತಾನಾ?" ಅತ್ತೆ ತಲೆ ಕೊಡವಿಕೊಂಡಳು. ಆಮೇಲೆ ದನಿ ತಗ್ಗಿಸಿದಳು. "ನನಗೆ ಭಯ ಆಗ್ತಿದೆ ಕಣೆ."

ಅತ್ತೆಯ ಬಾಯಿಂದ ಆ ಮಾತನ್ನು ನೀರಕ್ಕ ಎಂದೂ ಕೇಳಿರಲಿಲ್ಲ. ಮಗ ಸತ್ತಾಗಲೂ ಕೇಳಿರಲಿಲ್ಲ, ಸೊಂಟ ಮುರಿದಾಗಲೂ ಕೇಳಿರಲಿಲ್ಲ. ಆದರೂ ಅವಳು ಹೊರಗೆ ಹೋಗಿ ಮತ್ತೊಂದು ಮೂಟೆಗೆ ತಲೆ ಕೊಟ್ಟಳು. ಕಾಲುಗಳಿಗೆ ಅದೇ ರೂಢಿ. ಹೇಳಿದ್ದು ಮಾಡಿ ಮಾಡಿ ಮೈ ಕೂಡ ಮಾಲೀಕನ ಕಡೆಗೇ ಸೇರಿಬಿಟ್ಟಿರುತ್ತದೆ.

ಮೆಟ್ಟಿಲ ಬುಡದಲ್ಲಿ ಅವಳಿಗೆ ಆ ಮಾತು ಕೇಳಿಸಿತು. ಕೊಂಡವರಲ್ಲಿ ಒಬ್ಬಳು ಹೆಂಗಸು, ಛತ್ರಿ ಹಿಡಿದವಳು, ಎದ್ದು ಅಷ್ಟು ದೂರ ಬಂದು ಮಾಲೀಕನನ್ನು ಕೇಳುತ್ತಿದ್ದಳು.

"ಕೆಳಗಡೆ ಯಾರಾದ್ರೂ ಇದಾರಾ?"

"ಇದಾರೆ ಮೇಡಂ, ನೋಡಿ. ನಮ್ಮ ಕೆಲಸದವರ ಸಂಸಾರಗಳೇ. ಮಕ್ಕಳೂ ಇದಾರೆ. ಮೇಸ್ತ್ರಿ ತಾಯೀನೇ ಮಲಗಿದಾರೆ. ಅನುಮಾನ ಇದ್ದಿದ್ರೆ ಇರ್ತಿದ್ರಾ?"

"ಸದ್ಯ," ಅಂದಳು ಆ ಹೆಂಗಸು. "ಹಾಗಾದ್ರೆ ಭಯ ಇಲ್ಲ." ನೆಮ್ಮದಿಯಿಂದ ಕುರ್ಚಿಗೆ ಮರಳಿದಳು.

ನೀರಕ್ಕ ತಲೆ ಬಗ್ಗಿಸಿದಳು. ಮೂಟೆ ಜಾರಿ ದೊಪ್ಪನೆ ಬಿತ್ತು. ಹೊಲಿಗೆ ಬಿಚ್ಚಿ ಮರಳು ಮೆಟ್ಟಿಲ ಮೇಲೆಲ್ಲ ಚೆಲ್ಲಿತು. ಹಿಂದೆ ಬರುತ್ತಿದ್ದ ಹೆಂಗಸರು ನಿಂತರು.

"ಏನಾಯ್ತು? ಸುಸ್ತಾದ್ರೆ ನೀರು ಕುಡ್ಕೊಂಡು ಬಾ," ಮಾಲೀಕ ಕೂಗಿದ.

"ಸುಸ್ತಾಗಿಲ್ಲ. ಆಗಲ್ಲ."

"ಏನಾಗಲ್ಲ?"

"ಹೊರಲ್ಲ. ನಮ್ಮತ್ತೆ ತಲೆ ಮೇಲೆ ನಾನೇ ಕಲ್ಲು ಹೇರಲ್ಲ."

ಅವಳು ಒಳಗೆ ಹೋದಳು. ಅತ್ತೆಯ ಮುಂದೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತಳು. ಅತ್ತೆ ಮಾತಿಲ್ಲದೆ ಕೊರಳಿಗೆ ಕೈ ಹಾಕಿದಳು. ಎದ್ದಾಗ ಅತ್ತೆ ಮೂಟೆಗಿಂತ ಹಗುರವಾಗಿದ್ದಳು, ಅದಕ್ಕೇ ನೀರಕ್ಕನಿಗೆ ಅಳು ಬಂತು. ಇಷ್ಟು ಹೊತ್ತು ಹೊತ್ತದ್ದೆಲ್ಲ ಬೇರೆಯವರದ್ದು.

ಭಾವ ಅಡ್ಡ ಬಂದ. "ವಾಪಸ್ ಮಲಗ್ಸು. ಮರ್ಯಾದೆ ಕಳೀಬೇಡ." ಅವನ ಕೈ ಮೇಲೆದ್ದಿತ್ತು.

ಸೊಸೆಯ ಭುಜದ ಮೇಲಿಂದ ಅತ್ತೆ ಹೇಳಿದಳು. "ಹೊಡಿಯೋ. ಅವಳಿಗೆ ಹೊಡೆದ್ರೆ ನನಗೂ ತಗಲುತ್ತೆ. ಒಂದೇ ಏಟಿಗೆ ಎರಡು ಕೆಲಸ."

ಕೈ ಇಳಿಯಿತು. ನೀರಕ್ಕ ಅತ್ತೆಯನ್ನು ಹೊತ್ತುಕೊಂಡೇ ಅಂಗಳ ದಾಟಿ ಕುರ್ಚಿಗಳ ಮುಂದೆ ಹೋಗಿ ನಿಂತಳು. ಇಷ್ಟು ಜನ ಚೆನ್ನಾದ ಬಟ್ಟೆ ಹಾಕಿದವರ ಮುಂದೆ ಅವಳು ಎಂದೂ ಬಾಯಿ ಬಿಟ್ಟವಳಲ್ಲ.

"ಅಮ್ಮಾ, ಕೆಳಗೆ ಯಾರಿದಾರೆ ಅಂತ ಕೇಳಿದ್ರಲ್ಲ. ನಾವಿದ್ವಿ. ಇವತ್ತು ಬೆಳಗ್ಗೆ ತನಕ ಅಲ್ಲಿ ಕಬ್ಬಿಣದ ಜಾಕಿಗಳಿದ್ವು. ಅಗೋ, ಶೆಡ್ಡಿನ ಹಿಂದೆ ಪೇರಿಸಿಟ್ಟಿದಾರೆ, ನೋಡಿ. ಅದನ್ನ ತೆಗೆಸಿ ಆ ಜಾಗದಲ್ಲಿ ನಮ್ಮನ್ನ ಕೂರಿಸಿದಾರೆ. ನೀವು ಜಾಕಿ ಕಂಡ್ರೆ ಹೆದರ್ತೀರಂತೆ. ನಮ್ಮನ್ನ ಕಂಡ್ರೆ ಧೈರ್ಯ ಬರುತ್ತಂತೆ."

ಛತ್ರಿಯ ಹೆಂಗಸು ತನ್ನ ಚಪ್ಪಲಿ ನೋಡಿಕೊಂಡಳು. ಹಿಂದೆ ಒಬ್ಬೊಬ್ಬರಾಗಿ ಹೆಂಗಸರು ಮಕ್ಕಳನ್ನು ಎಳೆದುಕೊಂಡು ಹೊರಗೆ ಬರುತ್ತಿದ್ದರು. ಬಾಣಂತಿ ಓಡಿಯೇ ಬಂದಳು. ಮಾಲೀಕ ಜೋರಾಗಿ ನಕ್ಕ. "ಗಂಡ ಸತ್ತ ಮೇಲೆ ಇವಳಿಗೆ ತಲೆ ಸ್ವಲ್ಪ ಹೀಗೆ," ಎಂದು ಬೆರಳು ತಿರುಗಿಸಿ ತೋರಿಸಿದ. ಕೊಂಡವರಲ್ಲಿ ಕನ್ನಡಕದ ಗಂಡಸೊಬ್ಬ ವಾಚು ನೋಡಿಕೊಂಡು, "ಏನೇ ಆಗ್ಲಿ, ಟೆಸ್ಟ್ ಮುಗಿದುಬಿಡ್ಲಿ," ಅಂದ.

ಉಳಿದ ಮೂಟೆಗಳನ್ನು ಗಂಡಸರು ಹೊತ್ತು ಹೇರಿದರು. ಅವರಿಗೂ ಹೆಂಡತಿ ಮಕ್ಕಳು ಹೊರಗೆ ಬಂದದ್ದಷ್ಟೇ ಸಾಕಾಗಿತ್ತು. ಭಾರ ಒಂದು ಇಡೀ ದಿನ ಮೇಲಿರಬೇಕು ಎಂದು ಇಂಜಿನಿಯರ್ ಗೊಣಗಿದ. ಸಂಜೆ ತನಕ ಸಾಕು ಎಂದ ಮಾಲೀಕ.

ಸಂಜೆಯಾಯಿತು. ಕಟ್ಟಡ ಬೀಳಲಿಲ್ಲ.

ಇಂಜಿನಿಯರ್ ಅಳತೆ ನೋಡಿ ಬಂದು, ಸ್ಲ್ಯಾಬು ಬಾಗಿದ್ದು ನಿಯಮದೊಳಗೇ ಇದೆ ಎಂದ. ಕೊಂಡವರು ಚಪ್ಪಾಳೆ ತಟ್ಟಿದರು. ಮಾಲೀಕನ ಕೈ ಕುಲುಕಿದರು. ಹೋಗುವಾಗ ಛತ್ರಿಯ ಹೆಂಗಸು ನೀರಕ್ಕನ ಹತ್ತಿರ ನಿಂತು ಮೆಲ್ಲಗೆ, ನಿಜವಾದ ಮಮತೆಯಿಂದಲೇ, "ನೋಡಿದ್ಯಾಮ್ಮ? ಸುಮ್ಮನೆ ಹೆದರ್ಕೊಂಡೆ," ಅಂದಳು. ನೀರಕ್ಕ ನೆಲ ನೋಡಿದಳು. ಅವರು ಕೆಳಗಿದ್ದಾಗಲೇ ಬಿದ್ದಿದ್ದರೆ ಅವಳ ಭಯ ನಿಜವಾಗುತ್ತಿತ್ತು, ಹೇಳಲು ಮಾತ್ರ ಅಲ್ಲಿ ಯಾರೂ ಇರುತ್ತಿರಲಿಲ್ಲ. ಬೀಳಲಿಲ್ಲ, ಹಾಗಾಗಿ ಅವಳು ಹುಚ್ಚಿ. ಬಡವಳಿಗೆ ಎರಡೇ ದಾರಿ: ಸತ್ತು ಸರಿಯಾಗುವುದು, ಬದುಕಿ ತಪ್ಪಾಗುವುದು.

ಕೊನೆಯ ಕಾರು ರಸ್ತೆ ತಿರುಗಿದ್ದೇ ತಡ, ಮಾಲೀಕನ ದನಿ ಬದಲಾಯಿತು.

"ಮೇಸ್ತ್ರಿ, ಬೇಗ! ಮೊದಲು ಜಾಕಿ ಕೊಡಿಸು. ಬೀಮಿನ ಕೆಳಗೆ ಪೂರ್ತಿ ಕೊಡಿಸು. ಆಮೇಲೆ ಮೂಟೆ ಇಳಿಸಿ. ಕತ್ತಲಾಗೋದ್ರೊಳಗೆ ಒಂದೂ ಮೇಲಿರಬಾರದು. ಏಳಿ, ಏಳಿ!"

ಅಂಗಳದಲ್ಲಿ ಕೂತಿದ್ದವರು ಅವನನ್ನೇ ನೋಡಿದರು. ನೀರಕ್ಕ ಎದ್ದಳು.

"ಪಾಸಾಯ್ತಲ್ಲ ಸಾರ್. ಪಾಸಾದ ಕಟ್ಟಡಕ್ಕೆ ಜಾಕಿ ಯಾಕೆ?"

"ಹೇಳಿದಷ್ಟು ಮಾಡು."

"ಗಟ್ಟಿಯಾಗಿದೆ ಅಂದ್ರಿ. ಗಟ್ಟಿಯಾಗಿದ್ರೆ ಮೂಟೆ ಅಲ್ಲೇ ಇರ್ಲಿ ಬಿಡಿ. ನಿಮಗ್ಯಾಕೆ ಅವಸರ?"

ಮಾಲೀಕನ ಮುಖ ಕೆಂಪಾಯಿತು. ಇಡೀ ದಿನದಲ್ಲಿ ಅವನು ಒಂದು ಸಲವೂ ಸ್ಲ್ಯಾಬಿನ ನೆರಳಿಗೆ ಕಾಲಿಟ್ಟಿರಲಿಲ್ಲ. ಅದು ಈಗ ಎಲ್ಲರಿಗೂ ಒಟ್ಟಿಗೇ ಹೊಳೆಯಿತು.

"ನಿಮ್ಮದೇ ಕಟ್ಟಡ. ನೀವೇ ಹೋಗಿ ಕೊಡಿ ಜಾಕಿ. ನಾವು ಇಲ್ಲಿ ಕೂತು ನೋಡ್ತೀವಿ. ನಮಗೂ ಸ್ವಲ್ಪ ಧೈರ್ಯ ಬರ್ಲಿ," ಅಂದಳು ನೀರಕ್ಕ.

"ಮೇಸ್ತ್ರಿ!"

ಭಾವ ಒಂದು ಜಾಕಿ ಎತ್ತಿಕೊಂಡ. ಹೆಗಲಿಗೆ ಹಾಕಿಕೊಂಡು ಕಟ್ಟಡದ ಕಡೆ ನಡೆದ. ಸ್ಲ್ಯಾಬಿನ ಅ‍ಂಚಿನ ತನಕ ಹೋದ.

"ಮಗನೇ," ಅತ್ತೆ ಕರೆದಳು. ಈ ಸಲ ಅವಳ ದನಿಯಲ್ಲಿ ಗೇಲಿ ಇರಲಿಲ್ಲ. "ಒಬ್ಬನೇ ಹೋಗ್ಬೇಡ. ನನ್ನನ್ನೂ ಎತ್ಕೊಂಡು ಹೋಗು. ಬೆಳಗ್ಗೆ ನೀನೇ ತಾನೆ ಅಲ್ಲಿ ಮಲಗ್ಸಿದ್ದು. ಹಾಸಿಗೆ ಹಾಗೇ ಇದೆ."

ಭಾವ ನಿಂತೇ ಇದ್ದ. ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಅಲುಗಾಡತೊಡಗಿದ್ದನ್ನು ನೀರಕ್ಕ ನೋಡಿದಳು. ಗಂಡಸು ಅಳುವುದನ್ನು ನೋಡಿ ಅವಳಿಗೆ ಸಮಾಧಾನವಾಗಲಿಲ್ಲ, ಇಷ್ಟು ತಡವಾಗಿ ಯಾಕೆ ಎಂದು ಸಿಟ್ಟೇ ಬಂತು. ಅವನು ಜಾಕಿಯನ್ನು ಅಲ್ಲೇ ಕೆಳಗೆ ಹಾಕಿ ವಾಪಸು ಬಂದು ತಾಯಿಯ ಪಕ್ಕ ಕೂತ.

ಮಾಲೀಕ ಬೈದ. ಪೊಲೀಸ್ ಅಂದ. ನಿಮ್ಮಂಥವರು ಬೀದಿಗೊಬ್ಬರು ಸಿಗುತ್ತಾರೆ ಅಂದ. ಕೊನೆಗೆ ಕಾರು ಹತ್ತಿದ. "ನೀರು ಒಳಗಿದೆ, ಅಕ್ಕಿ ಒಳಗಿದೆ. ಹೊಟ್ಟೆ ಹಸಿದ ಮೇಲೆ ತಾವಾಗೇ ಒಳಗೆ ಹೋಗ್ತಾರೆ. ಗೇಟು ತೆಗೀಬೇಡ," ಎಂದು ಕಾವಲುಗಾರನಿಗೆ ಹೇಳಿದ. ಕಾವಲುಗಾರ ಹೊರಗಿನಿಂದ ಬೀಗ ಹಾಕಿಕೊಂಡ. ಇಂಜಿನಿಯರ್ ಹುಡುಗ ಕಾರಿನ ಹಿಂದಿನ ಸೀಟಿನಲ್ಲಿದ್ದ, ತಿರುಗಿ ನೋಡಲಿಲ್ಲ.

ಆಗ ಎಲ್ಲರೂ ತಲೆಯೆತ್ತಿ ಕಟ್ಟಡವನ್ನು ನೋಡಿದರು. ಮೇಲೆ ಮೂಟೆಗಳು ಹಾಗೇ ಇದ್ದವು. ಜಾಕಿಗಳು ಹೊರಗಿದ್ದವು. ಅಂಗಳ ಎಷ್ಟು ಕಿರಿದು ಎಂದು ಅಲ್ಲಿಯ ತನಕ ಯಾರೂ ಯೋಚಿಸಿರಲಿಲ್ಲ. ಕಟ್ಟಡದ ಎತ್ತರ ಅಂಗಳದ ಅಗಲಕ್ಕಿಂತ ಹೆಚ್ಚಿತ್ತು. ಈ ಕಡೆ ಬಗ್ಗಿದರೆ ಇಲ್ಲಿಯ ತನಕ ಬರುತ್ತದೆ.

"ಇನ್ನೂ ಸ್ವಲ್ಪ ಆಚೆ ಹೋಗೋಣ," ಅಂದಳು ಅತ್ತೆ.

ಭಾವ ತಾಯಿಯನ್ನು ಎತ್ತಿಕೊಂಡು ಹಿಂದೆ ಸರಿದ. ಎಲ್ಲರೂ ಸರಿದರು. ಕಾಂಪೌಂಡ್ ಗೋಡೆ ಬೆನ್ನಿಗೆ ತಗಲಿತು.

"ಇನ್ನೂ ಆಚೆ."

"ಆಚೆ ಗೋಡೆ ಅಮ್ಮ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಗುವೊಂದು ನೀರು ಕೇಳಿ ಅಳತೊಡಗಿತು. ಬಿಂದಿಗೆ ಕುಂಟನ ಬುಡದಲ್ಲಿತ್ತು. ಅದರ ತಾಯಿ ಎರಡು ಹೆಜ್ಜೆ ಆ ಕಡೆ ಹೋಗಿ ನಿಂತಳು, ಮತ್ತೆ ವಾಪಸು ಬಂದಳು. ನೀರಕ್ಕ ಗೋಡೆಗೆ ಅಂಗೈ ಇಟ್ಟು ನೋಡಿದಳು. ಇದನ್ನು ಕಟ್ಟಿದವರೂ ಅವರೇ. ಇದಕ್ಕೆ ನೀರು ಹೊಡೆದವಳು ಅವಳೇ. ಇದನ್ನು ಕಟ್ಟುವ ದಿನಗಳಲ್ಲಿ ಮಾತ್ರ ಮಾಲೀಕ ಬೆಳಗಿನಿಂದ ಸಂಜೆ ತನಕ ಪಕ್ಕದಲ್ಲೇ ನಿಂತಿದ್ದ. ಸಿಮೆಂಟು ಕಡಿಮೆಯಾಗದಂತೆ ನೋಡಿಕೊಂಡಿದ್ದ, ಕಂಬಿ ಬಿಡದಂತೆ ನೋಡಿಕೊಂಡಿದ್ದ, ನೀರು ಸಾಕಾಯಿತೇ ಎಂದು ಅವಳನ್ನು ಮತ್ತೆ ಮತ್ತೆ ಕೇಳಿದ್ದ. ಇಡೀ ಜಾಗದಲ್ಲಿ ನಂಬಬಹುದಾದದ್ದು ಏನಾದರೂ ಇದ್ದರೆ ಅದು ಅವರನ್ನು ಕೂಡಿಹಾಕಿದ ಈ ಗೋಡೆ.

ಅವಳು ಮರಳಿನ ಗುಡ್ಡೆಯ ಪಕ್ಕ ಬಿದ್ದಿದ್ದ ಹಾರೆ ಎತ್ತಿಕೊಂಡಳು.

"ಕೈ ಬಿಡಿ ಅತ್ತಿಗೆ, ಅದು ನಿಮ್ಮಿಂದ ಆಗಲ್ಲ," ಅಂದ ಕಂಬಿ ಕಟ್ಟುವವರಲ್ಲೊಬ್ಬ.

"ಸರಿ," ಅಂದಳು ಅವಳು.

ಮೊದಲ ಏಟಿಗೆ ಏನೂ ಆಗಲಿಲ್ಲ. ಕೈ ಮಾತ್ರ ಭುಜದ ತನಕ ಝುಮ್ಮೆಂದಿತು. ಗೇಟಿನ ಆಚೆಯಿಂದ ಕಾವಲುಗಾರ ಕೂಗಿದ. ಎರಡನೆಯ ಏಟಿಗೂ ಏನೂ ಆಗಲಿಲ್ಲ. ಭಾವ ತಾಯಿಯನ್ನು ಕೆಳಗಿಳಿಸಿ ಸುತ್ತಿಗೆ ಹುಡುಕಲು ಎದ್ದ. ಅವಳು ಅವನಿಗಾಗಿ ಕಾಯಲಿಲ್ಲ. ಮೂರನೆಯ ಏಟು ಹಾಕಿದಳು.